ಸಣ್ಣ ರಿಯಾಕ್ಟರ್ ಕಟ್ಟಹೊರಟ ಸಹನಾಳಿಗೆ



ನಿನಗೆ ಬೆಂಗಳೂರಿನಲ್ಲಿ ಸಣ್ಣ ರಾಸಾಯನಿಕ ರಿಯಾಕ್ಟರ್ ಕಟ್ಟುವ ಕೆಲಸ ಸಿಕ್ಕ ಸುದ್ದಿಯನ್ನು ಅಕ್ಕ ಹೇಳಿದಾಗ ತುಂಬ ಸಂತೋಷವಾಯಿತು. ಆದರೆ ಆಮೇಲೆ ನೀನು ಫೋನಿನಲ್ಲಿ ಆಡಿದ ಒಂದು ಮಾತು ನನ್ನನ್ನು ಕೊರೆಯುತ್ತಲೇ ಇದೆ. “ನಮ್ಮ ಪ್ಲಾಂಟಿಗೆ ಆಪರೇಟರೇ ಬೇಕಾಗಲ್ಲ ಮಾವ, ಎಲ್ಲ ಆಟೊಮೇಷನ್” ಅಂದೆ. ಬೀದರಿನ ಕೊಳಾರದಲ್ಲಿ ನಾನು ವಿಚಾರಿಸಿಟ್ಟಿದ್ದ ಟ್ರೈನಿ ಕೆಲಸವನ್ನು “ಹಳೇ ಬ್ಯಾಚ್ ಫ್ಯಾಕ್ಟರಿ” ಎಂದು ತಳ್ಳಿಹಾಕಿದೆ. ನಿನ್ನ ಹಾಗೇ ಯೋಚಿಸುವ ಮಕ್ಕಳು ಇನ್ನೂ ಇದ್ದಾರೆ. ಅವರೂ ಓದಲಿ ಎಂದು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ. ಎರಡೂ ಒಳ್ಳೆಯ ಕೆಲಸಗಳೇ, ತೀರ್ಮಾನ ನಿನ್ನದೇ. ಆದರೂ ನನ್ನ ಮಾತನ್ನು ಪೂರ್ತಿ ಕೇಳು.

1984ರ ಡಿಸೆಂಬರಿನಲ್ಲಿ ನಾನು ಸುರತ್ಕಲ್‌ನ ಕೆಆರ್‌ಇಸಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಭೋಪಾಲದ ವಿಷಾನಿಲ ದುರಂತದ ಸುದ್ದಿ ಬಂದ ದಿನ ಹಾಸ್ಟೆಲಿನಲ್ಲಿ ಯಾರಿಗೂ ಊಟ ಸೇರಲಿಲ್ಲ. ಈ ವಿದ್ಯೆಯೇ ಬೇಡ, ಬ್ಯಾಂಕ್ ಪರೀಕ್ಷೆ ಬರೆ ಎಂದು ನಿನ್ನ ಅಜ್ಜ ಕಾಗದ ಹಾಕಿದರು. ನಮ್ಮ ಮೇಷ್ಟರೊಬ್ಬರು ಪಾಠ ಬದಿಗಿಟ್ಟು, ಅಲ್ಲಿ ಸೋರಿದ ಮಿಥೈಲ್ ಐಸೊಸಯನೇಟ್ ಆ ಕಾರ್ಖಾನೆಯ ಕಂಪನಿ ಮಾರುತ್ತಿದ್ದ ಕೀಟನಾಶಕವಲ್ಲ, ಅದನ್ನು ತಯಾರಿಸುವಾಗ ನಡುವೆ ಬರುವ ಪದಾರ್ಥ ಎಂದು ವಿವರಿಸಿದರು. ಅಂಥದ್ದನ್ನು ಒಂದೇ ಟ್ಯಾಂಕಿನಲ್ಲಿ ಸುಮಾರು 40 ಟನ್ ಕೂಡಿಟ್ಟಿದ್ದರು. ಅದರೊಳಕ್ಕೆ ನೀರು ಸೇರಿತು. ಮುಂದಿನದು ನಿನಗೆ ಗೊತ್ತು. ಅಷ್ಟೊಂದನ್ನು ಯಾಕೆ ಇಟ್ಟುಕೊಳ್ಳಬೇಕಿತ್ತು ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಇಂಗ್ಲೆಂಡಿನ ಸುರಕ್ಷತಾ ತಜ್ಞ ಟ್ರೆವರ್ ಕ್ಲೆಟ್ಜ್ ಭೋಪಾಲಕ್ಕೆ ಮೊದಲೇ ಇದನ್ನು ಕೇಳಿದ್ದರು. 1974ರಲ್ಲಿ ಅಲ್ಲಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿ 28 ಜನ ಸತ್ತಿದ್ದರು. ಅಪಾಯದ ವಸ್ತುವನ್ನು ಕೂಡಿಟ್ಟು ಕಾವಲು ಕಾಯುವ ಬದಲು ಕೂಡಿಡದೇ ಇರುವುದನ್ನು ಕಲಿಯಿರಿ ಎಂದು ಅವರು ಆಮೇಲೆ ಮತ್ತೆ ಮತ್ತೆ ಬರೆದರು. ಭೋಪಾಲದ ನಂತರ ಡ್ಯೂಪಾಂಟ್ ಕಂಪನಿ ಅಮೆರಿಕದಲ್ಲಿ ಇದೇ ಐಸೊಸಯನೇಟನ್ನು ಬೇಕಾದಾಗ ಬೇಕಾದಷ್ಟೇ ತಯಾರಿಸಿ, ಅಲ್ಲೇ ಬಳಸಿಬಿಡುವ ವಿಧಾನ ತಂದಿತು.

ನಿನ್ನ ಸಣ್ಣ ರಿಯಾಕ್ಟರ್‌ಗಳು ಈ ವಂಶಕ್ಕೆ ಸೇರಿದವು. ಆದ್ದರಿಂದ ಅವುಗಳ ಬಗ್ಗೆ ನನಗೆ ತಾತ್ಸಾರ ಇದೆ ಎಂದುಕೊಳ್ಳಬೇಡ. ಎರಡು ಮೀಟರ್ ಅಡ್ಡಳತೆಯ ಟ್ಯಾಂಕಿನಲ್ಲಿ ಒಂದು ಘನ ಮೀಟರ್ ದ್ರವದ ಬಿಸಿ ಹೊರಹೋಗಲು ಪಕ್ಕದ ಗೋಡೆಯಿಂದ ಸಿಗುವ ಜಾಗ 2 ಚದರ ಮೀಟರ್. ಒಂದು ಮಿಲಿಮೀಟರ್ ಕೊಳವೆಯಲ್ಲಿ ಅಷ್ಟೇ ದ್ರವಕ್ಕೆ 4,000 ಚದರ ಮೀಟರ್. ಮದುವೆಮನೆಯ ಕೊಪ್ಪರಿಗೆಯ ಪಾಯಸಕ್ಕೂ ತಟ್ಟೆಗೆ ಬಡಿಸಿದ ಪಾಯಸಕ್ಕೂ ಇರುವ ವ್ಯತ್ಯಾಸ ಅದು. ಅಮೆರಿಕದ ಎಂಐಟಿಯವರು 2016ರಲ್ಲಿ ಫ್ರಿಜ್ಜಿನಷ್ಟು ದೊಡ್ಡ ಯಂತ್ರವೊಂದರಲ್ಲೇ ನಾಲ್ಕು ಔಷಧಗಳನ್ನು ತಯಾರಿಸಿ ತೋರಿಸಿದರು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿಯೂ (ಎನ್‌ಸಿಎಲ್) ಈ ಕೆಲಸ ಗಟ್ಟಿಯಾಗಿ ನಡೆದಿದೆ. ನನಗೆ ಈಗ ನಿನ್ನ ವಯಸ್ಸಾಗಿದ್ದರೆ ನಾನೂ ಇದನ್ನೇ ಹಿಡಿಯುತ್ತಿದ್ದೆ.

ಆದರೆ ನಾನು ಹೋಗಿದ್ದು ಗುಜರಾತಿಗೆ, ಬಣ್ಣದ ಕಚ್ಚಾ ರಾಸಾಯನಿಕ ಮಾಡುವ ಕಾರ್ಖಾನೆಗೆ. ಅಲ್ಲಿ ನೈಟ್ರೇಷನ್ ವಿಭಾಗ. ಒಂದು ರಾತ್ರಿ ಪಾಳಿ. ಆಸಿಡ್ ಹನಿಹನಿಯಾಗಿ ಇಳಿಯುತ್ತಿತ್ತು. ಪ್ಯಾನೆಲ್ ಮೇಲೆ ಮೋಟರಿನ ದೀಪ ಹಸಿರು, ತಂಪು ಮಾಡುವ ಬ್ರೈನ್ ಪಂಪಿನದೂ ಹಸಿರು, ಬಿಸಿ ಸ್ವಲ್ಪ ಸ್ವಲ್ಪವೇ ಇಳಿಯುತ್ತಿತ್ತು. ನೋಡಿದವರಿಗೆ ಸಮಾಧಾನವಾಗುವಂಥ ಸ್ಥಿತಿ. ನಮ್ಮ ಆಪರೇಟರ್ ಉತ್ತರಪ್ರದೇಶದವರು, ಶಾಲೆಗೆ ಹೆಚ್ಚು ಹೋದವರಲ್ಲ. ಗೇರ್‌ಬಾಕ್ಸಿನ ಸದ್ದು ಹಗುರವಾಯಿತೆಂದು ಅವರು ಓಡಿಹೋಗಿ ಮೊದಲು ಆಸಿಡ್ ವಾಲ್ವನ್ನು ಕೈಯಿಂದಲೇ ಮುಚ್ಚಿದರು. ಆಮೇಲೆ ಸೈಟ್ ಗ್ಲಾಸಿಗೆ ಟಾರ್ಚ್ ಹಿಡಿದು ತೋರಿಸಿದರು. ಒಳಗೆ ದ್ರವ ಅಲುಗಾಡುತ್ತಿರಲಿಲ್ಲ. ಕಪ್ಲಿಂಗ್ ಕಳಚಿತ್ತು, ಮೋಟರ್ ತಿರುಗುತ್ತಿತ್ತು, ದ್ರವ ಕಲಕುವ ಅಜಿಟೇಟರ್ ನಿಂತಿತ್ತು. ಆಸಿಡ್ ಬೆರೆಯದೆ ಪದರವಾಗಿ ನಿಂತಿದ್ದರಿಂದಲೇ ಬಿಸಿ ಏರಿರಲಿಲ್ಲ. ಆಗ ಯಾರಾದರೂ ಕಪ್ಲಿಂಗ್ ಸರಿಮಾಡಿ ಅಜಿಟೇಟರ್ ಚಾಲೂ ಮಾಡಿದ್ದರೆ ಅಷ್ಟೂ ಆಸಿಡ್ ಒಟ್ಟಿಗೆ ಪ್ರತಿಕ್ರಿಯಿಸಿ ಶೆಡ್ಡೇ ಉಳಿಯುತ್ತಿರಲಿಲ್ಲ. ಅವರು ಮೋಟರ್ ನಿಲ್ಲಿಸಿದರು, ಸ್ವಿಚ್ಚಿಗೆ ಬೀಗ ಹಾಕಿದರು, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಬೆಳಗಿನ ಪಾಳಿ ಬರುವವರೆಗೆ ಅಲ್ಲೇ ಕೂತರು. ನಾನು ಪುಸ್ತಕದಲ್ಲಿ ಓದಿದ್ದ ‘ಅಕ್ಯುಮುಲೇಷನ್’ ಏನೆಂಬುದು ನನಗೆ ಅರ್ಥವಾದದ್ದು ಆ ಗಾಜಿನ ಕಿಂಡಿಯಲ್ಲಿ.

ಹೀಗೆ ಕಾವಲು ಕೂರುವುದು ಹಳೆಯ ಪದ್ಧತಿ. ಸ್ಕಾಟ್ಲೆಂಡಿನ ಆರ್ಡೀರ್‌ನಲ್ಲಿದ್ದ ನೊಬೆಲ್ ಕಾರ್ಖಾನೆಯಲ್ಲಿ ನೈಟ್ರೋಗ್ಲಿಸರಿನ್ ಕಾಯುವವನಿಗೆ ಒಂಟಿ ಕಾಲಿನ ಸ್ಟೂಲ್ ಕೊಡುತ್ತಿದ್ದರು. ತೂಕಡಿಸಿದರೆ ಬೀಳಬೇಕು, ಎಚ್ಚರವಾಗಬೇಕು. ಅವನ ಕಣ್ಣು ಥರ್ಮಾಮೀಟರ್ ಮೇಲೆಯೇ ಇರಬೇಕಿತ್ತು. ದೊಡ್ಡ ಹಂಡೆಗಳು ಹೋಗಿ ನಿರಂತರವಾಗಿ ಹರಿಯುವ ಸಣ್ಣ ಪಾತ್ರೆಗಳು ಬಂದಮೇಲೆ ಆ ಸ್ಟೂಲ್ ಬೇಡವಾಯಿತು. ಅದು ಬೇಡವಾದದ್ದು ಒಳ್ಳೆಯದೇ, ಮಗಳೇ. ಆದರೆ ಹಂಡೆ ಎಲ್ಲೆಲ್ಲಿ ಕೈಕೊಡುತ್ತದೆಂದು ಬಲ್ಲವರು ಆ ಬದಲಾವಣೆ ಮಾಡಿದರು.

ನೀನು ಕಳಿಸಿದ ರಿಯಾಕ್ಟರ್ ಡ್ರಾಯಿಂಗನ್ನು ರಾತ್ರಿ ಕೂತು ನೋಡಿದೆ. ಸಿಟ್ಟೇ ಬಂತು. ರಿಯಾಕ್ಟರಿನೊಳಗೆ ಇರುವುದು ಒಂದು ಲೋಟದಷ್ಟು ದ್ರವ, ಸರಿ. ಪಕ್ಕದಲ್ಲೇ 200 ಲೀಟರಿನ ಡ್ರಮ್ಮುಗಳನ್ನು ಸಾಲಾಗಿ ನಿಲ್ಲಿಸಿದ್ದೀಯಲ್ಲ, ಅವು ಯಾರ ಲೆಕ್ಕ? ಪ್ರತಿಕ್ರಿಯೆಯಲ್ಲಿ ಉಪ್ಪು ಹುಟ್ಟುತ್ತದೆಂದು ನೀನೇ ಬರೆದಿದ್ದೀಯ. ಮಿಲಿಮೀಟರ್ ಕೊಳವೆಯಲ್ಲಿ ಹರಳು ಕಟ್ಟಿಕೊಂಡರೆ ಎಲ್ಲಿ ಬಿಚ್ಚುವುದು, ಯಾವ ಸಾಲ್ವೆಂಟ್ ಹಾಕಿ ತೊಳೆಯುವುದು? ಒಂದರ ಬದಲು ಹದಿನಾರು ಕೊಳವೆ ಜೋಡಿಸಿದರೆ ಉತ್ಪಾದನೆ ಹದಿನಾರು ಪಟ್ಟು ಎಂದಿದ್ದೀಯ. ಒಂದು ಅರ್ಧ ಕಟ್ಟಿಕೊಂಡರೆ ಅದರ ಪಾಲಿನ ದ್ರವ ಉಳಿದವುಗಳಿಗೆ ನುಗ್ಗುತ್ತದೆ. ಒಟ್ಟು ಹರಿವನ್ನಷ್ಟೇ ಅಳೆಯುವ ಮೀಟರಿಗೆ ಅದು ಕಾಣುವುದೇ ಇಲ್ಲ. ನಿನ್ನ ಆಟೊಮೇಷನ್ ನೀನು ಸೆನ್ಸರ್ ಇಟ್ಟ ಜಾಗವನ್ನು ಮಾತ್ರ ನೋಡುತ್ತದೆ. ಎಲ್ಲಿ ಇಡಬೇಕೆಂದು ನಿನಗೆ ಯಾರು ಹೇಳಿಕೊಡಬೇಕು? ಬೇಡ ಅಂದೆಯಲ್ಲ, ಆ ಆಪರೇಟರೇ.

ಮಾತು ಜೋರಾಯಿತು. ಆ ಡ್ರಾಯಿಂಗಿನಲ್ಲಿ ಹೀಟ್ ಬ್ಯಾಲೆನ್ಸ್ ಮಾಡಿರುವ ಅಚ್ಚುಕಟ್ಟು ನಿನ್ನ ವಯಸ್ಸಿನಲ್ಲಿ ನನಗೆ ಬರುತ್ತಿರಲಿಲ್ಲ. ಅಷ್ಟು ಚೆನ್ನಾಗಿ ಮಾಡಬಲ್ಲವಳು ಇದನ್ನೂ ಮಾಡಲಿ ಎಂಬ ಆಸೆಯಿಂದಲೇ ಇಷ್ಟು ಹೇಳಿದೆ.

ಕೊಳಾರದಲ್ಲಿ ಎರಡು ವರ್ಷ ಕೆಲಸ ಮಾಡು. ಚಾರ್ಜಿಂಗ್ ನೋಡು, ಸ್ಯಾಂಪಲ್ ತೆಗೆ, ಲಾಗ್ ಶೀಟ್ ಬರೆ. ಕಟ್ಟಿಕೊಂಡ ಲೈನನ್ನು ಫಿಟ್ಟರ್ ಬಿಚ್ಚುವಾಗ ಪಕ್ಕದಲ್ಲಿ ನಿಲ್ಲು, ಅವನು ಹೇಳುವುದನ್ನು ಬರೆದುಕೋ. ಆಮೇಲೆ ಬೆಂಗಳೂರಿಗೆ ಹೋಗು, ನಾನೇ ಬಂದು ಬಿಟ್ಟುಬರುತ್ತೇನೆ. ಸೇರುವ ದಿನವನ್ನು ಮುಂದೆ ಹಾಕಲು ಸಾಧ್ಯವೇ ಎಂದು ಆ ಕಂಪನಿಯವರನ್ನೇ ನೇರವಾಗಿ ಕೇಳು. ಕಾರಣ ಹೇಳಿದರೆ ತಿಳಿದವರು ಒಪ್ಪಿಯಾರು. ಅಷ್ಟು ಕಾಲ ಕೊಡದಿದ್ದರೆ ಆರು ತಿಂಗಳಾದರೂ ಕೇಳಿಕೋ. ಅದಕ್ಕೂ ಒಪ್ಪದಿದ್ದರೆ ಅಲ್ಲೇ ಸೇರು, ಆದರೆ ಅವರ ಪೈಲಟ್ ಪ್ಲಾಂಟಿನಲ್ಲಿ ಪಾಳಿ ಕೊಡಿ ಎಂದು ಮೊದಲ ವಾರವೇ ಹಟ ಹಿಡಿ.

ರಾತ್ರಿ ಪಾಳಿಯೆಂದರೆ ಅಕ್ಕನಿಗೆ ಭಯವಿದೆ. ಅವಳ ಹತ್ತಿರ ನಾನು ಮಾತಾಡುತ್ತೇನೆ. ನೀನು ಆ ಡ್ರಾಯಿಂಗಿನಲ್ಲಿ ಡ್ರಮ್ಮುಗಳ ಜಾಗ ಬದಲಿಸಿ, ತೊಳೆಯುವ ಲೈನ್ ಸೇರಿಸಿ, ಇನ್ನೊಮ್ಮೆ ಕಳಿಸು.

ನಿನ್ನ ಮಾವ