ಮಾಲ್ಗುಡಿ ಎಲ್ಲಿದೆ?

ಗೆಳೆಯ ಗೆಳತಿಯರೇ, ಭಾರತದ ನಕ್ಷೆ ತೆಗೆದು ಮಾಲ್ಗುಡಿ ಎಂಬ ಊರನ್ನು ಹುಡುಕಿ. ಸಿಗೋದೇ ಇಲ್ಲ! ಅದು ಮೈಸೂರಿನಲ್ಲಿದ್ದ ಲೇಖಕರಾದ ಆರ್.ಕೆ. ನಾರಾಯಣ್ ಅವರು ಕಲ್ಪಿಸಿದ ಊರು. 1935ರಲ್ಲಿ ಬಂದ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಎಂಬ ಇಂಗ್ಲಿಷ್ ಕಾದಂಬರಿಯಲ್ಲಿ ಈ ಊರು ಮೊದಲು ಬಂತು.

ನಮ್ಮ ದೇಶದಲ್ಲಿ ಟಿ.ವಿ. ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. 1982ರಲ್ಲಿ ದೂರದರ್ಶನಕ್ಕೆ ಬಣ್ಣ ಬಂತು. 1984ರಲ್ಲಿ ‘ಹಮ್ ಲೋಗ್’ ಎಂಬ ಹಿಂದಿ ಧಾರಾವಾಹಿ ಬಂತು. ಸಿನಿಮಾ ತಂದು ತೋರಿಸೋದು ಬೇರೆ, ಟಿ.ವಿ.ಗೆಂದೇ ಕಂತು ಕಂತಾಗಿ ಕತೆ ತಯಾರಿಸೋದು ಬೇರೆ. ಹೀಗೆ ಟಿ.ವಿ.ಗೆಂದೇ ತಯಾರಾದ ಇನ್ನೊಂದು ಧಾರಾವಾಹಿ ‘ಮಾಲ್ಗುಡಿ ಡೇಸ್’. 1987ರ ಹೊತ್ತಿಗೆ ದೇಶದ ಜನ ಇದನ್ನು ದೂರದರ್ಶನದಲ್ಲಿ ನೋಡುತ್ತಿದ್ದರು.

ಇದರ ನಿರ್ದೇಶಕರು ನಮ್ಮ ಶಂಕರ್ ನಾಗ್. ನಕ್ಷೆಯಲ್ಲಿಲ್ಲದ ಊರನ್ನು ಅವರು ಎಲ್ಲಿ ತೋರಿಸಿದರು ಗೊತ್ತೆ? ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ! ಆಗುಂಬೆ ದೊಡ್ಡ ಪಟ್ಟಣವಲ್ಲ. ವಿಪರೀತ ಮಳೆ ಬೀಳುವ ಮಲೆನಾಡಿನ ಸಣ್ಣ ಊರು. ಅಲ್ಲಿನ ಹಳೇ ‘ದೊಡ್ಡಮನೆ’ಯಲ್ಲೂ ಚಿತ್ರೀಕರಣ ನಡೆಯಿತು. ರೈಲಿನ ದೃಶ್ಯಗಳನ್ನು ಅರಸಾಳು ನಿಲ್ದಾಣದಲ್ಲಿ ತೆಗೆದರು. ಆ ಹಳೇ ನಿಲ್ದಾಣ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಆಯಿತು.

ಸ್ವಾಮಿಯ ಪಾತ್ರ ಮಾಡಿದ್ದು ಮಾಸ್ಟರ್ ಮಂಜುನಾಥ್. ಅಪ್ಪನ ಪಾತ್ರ ಗಿರೀಶ್ ಕಾರ್ನಾಡರದು. ಚಿತ್ರಗಳನ್ನು ಬರೆದವರು ನಾರಾಯಣ್ ಅವರ ತಮ್ಮ ಆರ್.ಕೆ. ಲಕ್ಷ್ಮಣ್. ಸಂಗೀತ ಎಲ್. ವೈದ್ಯನಾಥನ್ ಅವರದು. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆಗ ಅವರಿಗೆ ಬರೀ 35 ವರ್ಷ. ಅವರು ಮಾಡಿದ ಮಾಲ್ಗುಡಿಯನ್ನು ಜನ ಇನ್ನೂ ನೋಡುತ್ತಾರೆ.

ಸ್ವಾಮಿ ರಾಜಕುಮಾರನಲ್ಲ, ಶೂರನೂ ಅಲ್ಲ. ಅವನಿಗೆ ಲೆಕ್ಕ ಎಂದರೆ ಭಯ. ಕಾದಂಬರಿಯಲ್ಲಿ ಅಪ್ಪ ಮಾವಿನಹಣ್ಣಿನ ಲೆಕ್ಕ ಕೊಡುತ್ತಾರೆ. ಇವನಿಗೋ ಹಣ್ಣು ಮಾಗಿದೆಯೋ ಇಲ್ಲವೋ ಎಂಬ ಯೋಚನೆ! ಮನೆಯಲ್ಲಿ ಅಜ್ಜಿ, ಹೊರಗೆ ಗೆಳೆಯರು, ಕ್ರಿಕೆಟ್ಟು, ಶಾಲೆಯ ಬೆತ್ತ. ಇಷ್ಟರಲ್ಲೇ ಕತೆ ಆಯಿತು. ಇದೆಲ್ಲ ನಮಗೆ ಗೊತ್ತಿರುವುದೇ ಅಲ್ಲವೆ?

ಗೋಡೆ ಪತ್ರಿಕೆಗೆ ಬರೀರಿ ಎಂದು ಮೇಷ್ಟ್ರು ಹೇಳಿದರೆ, “ನಮ್ಮೂರಲ್ಲಿ ಏನೈತಿ ಬರಿಯಾಕೆ?” ಅನ್ನೋರು ನಮ್ಮಲ್ಲಿ ಬಹಳ ಜನ. ಆಗುಂಬೆಯಲ್ಲಿ ಇದ್ದದ್ದೂ ಮಳೆ, ಹಂಚಿನ ಮನೆ, ಬೀದಿ, ಮಕ್ಕಳು ತಾನೆ? ನೋಡುವ ಕಣ್ಣು ಬೇಕು ಅಷ್ಟೆ.

ಅಭ್ಯಾಸ: ನಮ್ಮೂರಿನ ಒಂದು ಜಾಗ, ಒಬ್ಬ ಹುಡುಗ ಅಥವಾ ಹುಡುಗಿ, ಒಂದು ತೊಂದರೆ. ಈ ಮೂರನ್ನು ಸೇರಿಸಿ ಹತ್ತು ಸಾಲಿನ ಕತೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಂಟಿಸೋಣ.

– 7ನೇ ತರಗತಿ