ಎಸ್‌ಯುವಿ ಡಿಕ್ಕಿಗೆ ಡ್ರಾಯರ್: ಅಳತೆ ಸರಿಯಿರಲಿ, ಬಿಗಿತ ಗಟ್ಟಿಯಿರಲಿ

ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಡಿಕ್ಕಿಯ ಸಾಮಾನು ಆಚೀಚೆ ಉರುಳುವುದು, ಪಂಕ್ಚರ್ ಆದಾಗ ಜಾಕ್‌ಗಾಗಿ ಎಲ್ಲ ಚೀಲಗಳನ್ನು ರಸ್ತೆಗಿಳಿಸುವುದು ಎಸ್‌ಯುವಿಯಲ್ಲಿ ದೂರ ಓಡಾಡುವವರಿಗೆ ಹೊಸತಲ್ಲ. ಹಿಂಬದಿಯಲ್ಲಿ ಎರಡು ಡ್ರಾಯರ್‌ಗಳ ಪೆಟ್ಟಿಗೆ ಕೂರಿಸಿದರೆ ಈ ತಾಪತ್ರಯ ತಪ್ಪುತ್ತದೆ. ಮರಗೆಲಸ ಬಲ್ಲವರು ತಾವೇ ಮಾಡಬಹುದು, ಇಲ್ಲವೇ ಅಳತೆ ಬರೆದುಕೊಟ್ಟು ಬಡಗಿಯಿಂದ ಮಾಡಿಸಬಹುದು. ಆದರೆ ಮನೆಯ ಕಪಾಟು ನಿಂತಲ್ಲೇ ಇರುತ್ತದೆ, ಇದು ಓಡುತ್ತದೆ. ಹಾಗಾಗಿ ಪೆಟ್ಟಿಗೆಯ ಅಂದಕ್ಕಿಂತ ಅದನ್ನು ಗಾಡಿಗೆ ಬಿಗಿಯುವ ಬಗೆಗೇ ಹೆಚ್ಚು ಗಮನ ಕೊಡಿ.

ಬೇಕಾಗುವ ಸಾಮಗ್ರಿ

ಐಎಸ್ 710 ಮುದ್ರೆಯ 12 ಮಿ.ಮೀ. ಬಿಡಬ್ಲ್ಯೂಪಿ ಪ್ಲೈವುಡ್, ಡ್ರಾಯರ್ ತಳಕ್ಕೆ 9 ಮಿ.ಮೀ. ಪ್ಲೈವುಡ್, 600 ಮಿ.ಮೀ.ನ ಎರಡು ಜೊತೆ ಟೆಲಿಸ್ಕೋಪಿಕ್ ಚಾನೆಲ್, ನೀರು ತಡೆಯುವ ಮರದಂಟು, ಸ್ಕ್ರೂ, ಉಕ್ಕಿನ ಎಲ್ ಪಟ್ಟಿ, 8 ಮಿ.ಮೀ. ಬೋಲ್ಟ್, ನೈಲಾಕ್ ನಟ್, ಅಗಲ ವಾಷರ್, ಚಿಲಕ, ಕಾರ್ಪೆಟ್.

ಮಾಡುವ ಕ್ರಮ

1. ಅಳತೆ: ಚಕ್ರದ ಉಬ್ಬುಗಳ ನಡುವಿನ ಅಗಲ, ಸೀಟಿನ ಬೆನ್ನಿನಿಂದ ಹಿಂಬಾಗಿಲವರೆಗಿನ ಉದ್ದ, ಬಾಗಿಲಿನ ಇಳಿಜಾರು ಮೂರನ್ನೂ ಬರೆದುಕೊಳ್ಳಿ. ಪೆಟ್ಟಿಗೆ ಬಾಗಿಲಿನ ಮೂಲಕ ಒಳಹೋಗುವುದೇ ಎಂದು ಮೊದಲು ರಟ್ಟಿನ ಮಾದರಿಯಿಂದ ನೋಡಿ. ಹೊಸ್ತಿಲು ಎತ್ತರವಿದ್ದರೆ, ಡ್ರಾಯರ್ ಅದಕ್ಕೆ ತಾಗದಂತೆ ಪೆಟ್ಟಿಗೆಯನ್ನು ಅಡಿಪಟ್ಟಿಗಳ ಮೇಲೆ ಎತ್ತರಿಸಿ.

2. ಲೆಕ್ಕ: ಟೆಲಿಸ್ಕೋಪಿಕ್ ಚಾನೆಲ್‌ಗೆ ಪ್ರತಿ ಬದಿಯಲ್ಲಿ 13 ಮಿ.ಮೀ. ಜಾಗ ಬೇಕು. ಪೆಟ್ಟಿಗೆಯ ಹೊರ ಅಗಲ 990 ಮಿ.ಮೀ. ಎಂದುಕೊಳ್ಳೋಣ. ಎರಡು ಬದಿ ಹಲಗೆ ಮತ್ತು ನಡುಹಲಗೆಗೆ 36 ಕಳೆದರೆ ಉಳಿಯುವುದು 954. ಒಂದೊಂದು ಗೂಡಿಗೆ 477. ಅದರಲ್ಲಿ ಚಾನೆಲ್‌ಗಳ 26 ಕಳೆದರೆ 451. ಡ್ರಾಯರನ್ನು 450 ಮಿ.ಮೀ. ಅಗಲಕ್ಕೆ ಕತ್ತರಿಸಿ.

3. ಜೋಡಣೆ: ಪ್ಲೈವುಡ್‌ನ ಅಂಚಿಗೆ ನೇರವಾಗಿ ಸ್ಕ್ರೂ ಹೊಡೆದರೆ ಪದರ ಸೀಳುತ್ತದೆ. ಮೊದಲು ಸಣ್ಣ ತೂತು ಕೊರೆದು, ಅಂಟು ಹಚ್ಚಿ, ಬಳಿಕ ಸ್ಕ್ರೂ ತಿರುಗಿಸಿ. ಎರಡೂ ಕರ್ಣಗಳ ಅಳತೆ ಒಂದೇ ಬಂದರೆ ಚೌಕ ಸರಿಯಿದೆ ಎಂದರ್ಥ; ಇಲ್ಲದಿದ್ದರೆ ಡ್ರಾಯರ್ ಸಿಕ್ಕಿಕೊಳ್ಳುತ್ತದೆ. ಅಂಟು ಒಂದು ದಿನ ಪೂರ್ತಿ ಒಣಗಲಿ.

4. ಅಂಚಿಗೆ ರಕ್ಷಣೆ: ಮಳೆಗಾಲದ ತೇವ ಪ್ಲೈವುಡ್‌ಗೆ ನುಗ್ಗುವುದು ಕತ್ತರಿಸಿದ ಅಂಚುಗಳಿಂದ. ಅಲ್ಲಿಗೆ ಎರಡು ಸಲ ವಾರ್ನಿಷ್ ಹಚ್ಚಿ. ಮೇಲೆ ಕಾರ್ಪೆಟ್ ಅಂಟಿಸಿದರೆ ಗಡಗಡ ಸದ್ದೂ ಅಡಗುತ್ತದೆ.

5. ಚಿಲಕ: ಡ್ರಾಯರ್ ತುಂಬಿದ ಗಾಡಿ ಏರು ಹತ್ತುವಾಗ ಡ್ರಾಯರ್ ಜಾರಿ ಹಿಂಬಾಗಿಲಿಗೆ ಬಡಿಯುತ್ತದೆ. ಪ್ರತಿ ಡ್ರಾಯರಿಗೂ ಅದುರಿದರೆ ತಾನಾಗಿ ಬಿಚ್ಚಿಕೊಳ್ಳದ ಚಿಲಕ ಇರಲೇಬೇಕು.

6. ಗಾಡಿಗೆ ಬಿಗಿಯುವುದು: ಗಂಟೆಗೆ 50 ಕಿ.ಮೀ. ವೇಗದ ಗಾಡಿ ಡಿಕ್ಕಿ ಹೊಡೆದು ಅರ್ಧ ಮೀಟರಿನಲ್ಲಿ ನಿಂತರೆ, ಒಳಗಿನ ವಸ್ತು ತನ್ನ ತೂಕದ ಸುಮಾರು 20 ಪಟ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಸುಮಾರು 30 ಕೆ.ಜಿ. ಪೆಟ್ಟಿಗೆಯಲ್ಲಿ 40 ಕೆ.ಜಿ. ಸಾಮಾನಿದ್ದರೆ 1,400 ಕೆ.ಜಿ.ಯಷ್ಟು ನೂಕು! ಅದರ ದಾರಿಯಲ್ಲಿ ಕುಳಿತಿರುವವರು ನಿಮ್ಮ ಮಕ್ಕಳು. ಅಂಟಾಗಲಿ, ಮರದ ಸ್ಕ್ರೂಗಳಾಗಲಿ ಇದನ್ನು ತಡೆಯಲಾರವು. ಕಂಪನಿಯೇ ಕೊಟ್ಟ ಕೊಕ್ಕೆಗಳ ಬೋಲ್ಟ್ ಜಾಗಗಳಿಗೆ ಎಲ್ ಪಟ್ಟಿಯಿಂದ ನಾಲ್ಕೂ ಮೂಲೆ ಬಿಗಿಯಿರಿ. ಆ ಕೊಕ್ಕೆಗಳು ಎಷ್ಟು ತಾಳುತ್ತವೆಂದು ಕೈಪಿಡಿಯಲ್ಲಿ ನೋಡಿ. ಸೀಟ್‌ಬೆಲ್ಟ್ ಬೋಲ್ಟುಗಳನ್ನು ಮುಟ್ಟಬೇಡಿ. ನೆಲ ಕೊರೆಯಲೇಬೇಕಾದರೆ ಗ್ಯಾರೇಜಿನಲ್ಲಿ ಗಾಡಿ ಎತ್ತಿಸಿ ಅಡಿ ನೋಡಿ. ಇಂಧನ ಟ್ಯಾಂಕ್, ಬ್ರೇಕ್ ಪೈಪ್, ವೈರಿಂಗ್ ಅಲ್ಲೇ ಹಾದಿರಬಹುದು.

ಮರೆಯಬಾರದ ಸಂಗತಿಗಳು

- ಜಾಕ್, ಎಚ್ಚರಿಕೆ ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಡ್ರಾಯರ್ ತೆರೆಯದೆಯೇ ಸಿಗಬೇಕು. ಸ್ಟೆಪ್ನಿ ಇಳಿಸುವ ರಂಧ್ರ ಮುಚ್ಚಬಾರದು.
- ಭಾರದ ವಸ್ತು ಕೆಳಗೆ, ಸೀಟಿನ ಕಡೆಗೆ ಇರಲಿ. ಪೆಟ್ಟಿಗೆಯ ಮೇಲೆ ಸೀಟಿನ ಬೆನ್ನಿಗಿಂತ ಎತ್ತರಕ್ಕೆ ಏನೂ ಪೇರಿಸಬೇಡಿ. ಪೆಟ್ಟಿಗೆಯ ತೂಕವೂ ಗಾಡಿ ಹೊರಬಹುದಾದ ಒಟ್ಟು ಭಾರದ ಲೆಕ್ಕಕ್ಕೆ ಸೇರುತ್ತದೆ.
- ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ನೋಂದಣಿ ಪತ್ರದ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. ಆಸನಗಳ ಸಂಖ್ಯೆಯೂ ಆ ವಿವರಗಳಲ್ಲೊಂದು. ಆದ್ದರಿಂದ ಮೂರನೇ ಸಾಲಿನ ಸೀಟು ಕಿತ್ತು ಈ ಕೆಲಸಕ್ಕೆ ಇಳಿಯಬೇಡಿ. ಪೆಟ್ಟಿಗೆ ಬೇಕೆಂದಾಗ ಬಿಚ್ಚಿ ತೆಗೆಯುವಂತಿರಲಿ.

ಕೆಲಸ ಮುಗಿದ ಮೇಲೆ ಖಾಲಿ ಪೆಟ್ಟಿಗೆಯೊಂದಿಗೆ ಹದಗೆಟ್ಟ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದು ಪ್ರತಿ ಬೋಲ್ಟನ್ನೂ ಸ್ಪ್ಯಾನರ್‌ನಿಂದ ಪರೀಕ್ಷಿಸಿ. ಒಂದಾದರೂ ಸಡಿಲಾಗಿದ್ದರೆ ಅದನ್ನು ಸರಿಪಡಿಸಿ, ಮತ್ತೊಮ್ಮೆ ಓಡಿಸಿ ನೋಡಿದ ಬಳಿಕವೇ ಸಾಮಾನು ತುಂಬಿ.