ಶೂನ್ಯಘಾತದ ಬೆಲೆ ಒಂದೇಕೆ?

ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸುವುದನ್ನು ಸಂಕ್ಷೇಪವಾಗಿ ಬರೆಯುವ ಕ್ರಮವೇ ಘಾತಪದ್ಧತಿ. 2×2×2×2×2 ಎಂಬುದನ್ನು ನಾವು 2⁵ ಎಂದು ಬರೆಯುತ್ತೇವೆ. ಇಲ್ಲಿ 2 ಆಧಾರಸಂಖ್ಯೆ. ಅದರ ತಲೆಯ ಮೇಲಿನ 5 ಘಾತಸೂಚಿ. ಇದರ ಬೆಲೆ 32. ಸೂಚಿಯನ್ನು ಹೀಗೆ ಮೇಲಕ್ಕೇರಿಸಿ ಬರೆಯುವ ರೂಢಿಯನ್ನು ಫ್ರಾನ್ಸಿನ ರೆನೆ ಡೇಕಾರ್ಟ್ 1637ರಲ್ಲಿ ಪ್ರಕಟಿಸಿದ ತನ್ನ ರೇಖಾಗಣಿತ ಪ್ರಬಂಧದಲ್ಲಿ ಬಳಕೆಗೆ ತಂದನು.

ಹಾಗಾದರೆ 10⁰ ಎಂದರೇನು? ಹತ್ತನ್ನು ಒಂದು ಸಲವೂ ತೆಗೆದುಕೊಳ್ಳದಿದ್ದರೆ ಉಳಿಯುವುದು ಸೊನ್ನೆಯಲ್ಲವೇ ಎಂಬ ಸಂದೇಹ ಸಹಜವಾದುದೇ. ಈ ಶ್ರೇಣಿಯನ್ನು ನೋಡೋಣ:

10³ = 1000
10² = 100
10¹ = 10

ಘಾತಸೂಚಿ ಒಂದೊಂದಾಗಿ ಇಳಿದಂತೆ ಬೆಲೆಯು ಪ್ರತಿ ಸಲವೂ ಹತ್ತರಲ್ಲೊಂದು ಪಾಲಾಗುತ್ತದೆ. ಇನ್ನೊಂದು ಮೆಟ್ಟಿಲಿಳಿದರೆ ದೊರೆಯುವುದು 10÷10, ಅಂದರೆ 1. ಆದುದರಿಂದ 10⁰ = 1. ಮತ್ತೂ ಕೆಳಗಿಳಿದರೆ 10⁻¹ ಎಂಬುದು ಹತ್ತನೆಯ ಒಂದು ಭಾಗ. 10⁻² ನೂರನೆಯ ಒಂದು ಭಾಗ. ಸೂಚಿಯು ಋಣವಾದರೂ ಬೆಲೆ ಧನವಾಗಿಯೇ ಉಳಿಯುವುದನ್ನು ಗಮನಿಸಬೇಕು.

ನಾವು ನಿತ್ಯವೂ ಬರೆಯುವ ಸಂಖ್ಯೆಗಳಲ್ಲಿಯೇ ಈ ನಿಯಮ ಅಡಗಿದೆ. 347 ಎಂದರೆ 3×10² + 4×10¹ + 7×10⁰. ಶೂನ್ಯಘಾತದ ಬೆಲೆ ಸೊನ್ನೆಯಾಗಿದ್ದ ಪಕ್ಷದಲ್ಲಿ ಬಿಡಿಸ್ಥಾನದ ಏಳು ಅಳಿದುಹೋಗಿ, 347 ರೂಪಾಯಿ ಸಾಲ ಕೊಟ್ಟವನ ಲೆಕ್ಕದಲ್ಲಿ 340 ಮಾತ್ರ ನಿಲ್ಲುತ್ತಿತ್ತು!

ಆಧಾರಸಂಖ್ಯೆ ಯಾವುದಾದರೂ ನಿಯಮ ಇದೇ. ಸೊನ್ನೆಯಿಂದ ಭಾಗಿಸಲು ಬಾರದಾದುದರಿಂದ ಸೊನ್ನೆಗೆ ಮಾತ್ರ ಈ ವಾದ ಸಲ್ಲದು. ಓದುಗರು 2³ರಿಂದ ಹೊರಟು, ಪ್ರತಿ ಮೆಟ್ಟಿಲಿಗೂ ಅರ್ಧಿಸುತ್ತ 2⁻³ರವರೆಗೆ ಇಳಿದು ನೋಡಬಹುದು. ಉತ್ತರ, ಎಂಟನೆಯ ಒಂದು ಭಾಗ.